ಈಸ್ಟರ್‌ಗೆ ಸಣ್ಣ ಮಾಡುವವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಈಸ್ಟರ್‌ಗೆ ಸಣ್ಣ (ಅಕ್ಕಿ-ಉದ್ದಿನ ಹಿಟ್ಟಿಗೆ ಕಳ್ಳು ಹಾಕಿ ಹುದುಗಿಸಿ ಹಬೆಯಲ್ಲಿ ಬೇಯಿಸುವ, ಇಡ್ಲಿಯಂಥ ತಿಂಡಿ) ಮಾಡುವವರು ಹಿಟ್ಟನ್ನು ತುಂಬಾ ಬೇಗ ಹುದುಗಲು ಇಡಬೇಡಿ. ಕ್ರಿಸ್‌ಮಸ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈಸ್ಟರ್ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ. ನಮ್ಮ ಕಾಸರಗೋಡಿನ ಸೆಕೆ ಗೊತ್ತಲ್ವಾ? ಹಿಟ್ಟು ಬೇಗ ಉಬ್ಬುತ್ತದೆ, ಬೇಗ ಹುಳಿಯಾಗುತ್ತದೆ.

ನಾನು ಚಿಕ್ಕವಳಿದ್ದಾಗ ಬೇಳ ಊರಿನ ಇಗರ್ಜಿಗೆ (ಚರ್ಚಿಗೆ) ಈಸ್ಟರ್‌ನ ಹಿಂದಿನ ಶನಿವಾರ ರಾತ್ರಿ ಹೋಗುತ್ತಿದ್ದೆವು. ಹೊರಗೆ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ, ಅದರಿಂದ ನಮ್ಮ ಕೈಯ ಪುಟ್ಟ ಬತ್ತಿಗಳು. ಕತ್ತಲೆಯ ಇಗರ್ಜಿ ನಿಧಾನಕ್ಕೆ ಬೆಳಗುತ್ತಿತ್ತು. ಮನೆಗೆ ಬಂದರೆ ಅಜ್ಜಿ ಮೊದಲು ನೋಡುತ್ತಿದ್ದುದು ಹಿಟ್ಟಿನ ಪಾತ್ರೆಯನ್ನು.

ಅಜ್ಜಿಯ ಅಳತೆ: 3 ಲೋಟ ಬೆಳ್ತಿಗೆ (ಬಿಳಿ) ಅಕ್ಕಿಗೆ 1 ಲೋಟ ಉದ್ದು. ನಾಲ್ಕೈದು ಗಂಟೆ ನೆನೆಸಿ, ನೀರು ಕಮ್ಮಿ ಹಾಕಿ ನುಣ್ಣಗೆ ರುಬ್ಬಬೇಕು. ಕಳ್ಳು ಬೆರೆಸುವಾಗ ಹಿಟ್ಟು ಸಡಿಲವಾಗುತ್ತದೆ, ಅದಕ್ಕೇ. ತಾಜಾ ಕಳ್ಳು ಸಿಗದಿದ್ದರೆ ಯೀಸ್ಟ್ ಸಾಕು. ಅರ್ಧ ಚಮಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸಕ್ಕರೆಯ ಜೊತೆ ಕಲಸಿ. ಬಿಸಿ ನೀರು ಬೇಡ, ಯೀಸ್ಟ್ ಸಾಯುತ್ತದೆ.

ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಒಂದು ವರ್ಷ ನಾನು ತುಂಬ ತುಂಬಿಸಿ, ಬೆಳಿಗ್ಗೆ ನೆಲವೆಲ್ಲ ಹಿಟ್ಟು! ಹಿಟ್ಟು ಎರಡು ಪಟ್ಟಾದ ಕೂಡಲೇ ಮತ್ತೆ ಕಲಕದೆ ಬಟ್ಟಲಿಗೆ ಹಾಕಿ. ಅಟ್ಟಿನಳಗೆಯ (ಹಬೆಯಲ್ಲಿ ಬೇಯಿಸುವ ಪಾತ್ರೆಯ) ನೀರು ಮೊದಲೇ ಕುದಿಯುತ್ತಿರಲಿ.

ನಿಮ್ಮ ಮನೆಯ ಅಳತೆ ಬೇರೆ ಇದ್ದರೆ ಹಿರಿಯರನ್ನು ಕೇಳಿ ಈಗಲೇ ಬರೆದಿಡಿ. ನಾನು ಅಜ್ಜಿಯ ಲೋಟವನ್ನು ಕೂಡ ಜೋಪಾನ ಇಟ್ಟಿದ್ದೇನೆ.