ದುಬೈನ ವಿದೇಶಿ ಕಂಪನಿಯ ಆಫರ್ ಲೆಟರ್: ಸಹಿ ಹಾಕುವ ಮುನ್ನ ಓದುವ ಕ್ರಮ

ದುಬೈನಲ್ಲೋ ಅಬುಧಾಬಿಯಲ್ಲೋ ಶಾಖೆ ತೆರೆದಿರುವ ಅಮೆರಿಕದ, ಬ್ರಿಟನ್ನಿನ ಅಥವಾ ಜಪಾನಿನ ಕಂಪನಿಯಿಂದ ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಮೊದಲು ನಡೆಯುವುದು ಗುಣಾಕಾರ. ಒಟ್ಟು ಸಂಬಳವನ್ನು ರೂಪಾಯಿಗೆ ಪರಿವರ್ತಿಸಿ, ಸಾಲದ ಕಂತನ್ನು ಕಳೆದು, ಉಳಿಯುವುದೆಷ್ಟು ಎಂದು ನೋಡಿ, ಸಹಿ ಹಾಕಿ ಕಳಿಸಿಬಿಡುತ್ತಾರೆ. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರಿನ ಕಡೆಯಿಂದ ಹೊರಡುವ ಹುಡುಗ ಹುಡುಗಿಯರ ಇಂಥ ಪತ್ರಗಳನ್ನು ಹಲವು ವರ್ಷಗಳಿಂದ ಓದಿಕೊಡುತ್ತಿರುವ ನಾನು ಪ್ರತಿ ಸಲವೂ ಹೇಳುವ ಮಾತೊಂದಿದೆ: ಆ ಪತ್ರದಲ್ಲಿ ಒಟ್ಟು ಸಂಬಳಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ, ಅದು ಬೇಸಿಕ್, ಅಂದರೆ ಮೂಲ ವೇತನ. ಅದನ್ನು ಹೇಗೆ ನೋಡಬೇಕು, ಅದರ ಸುತ್ತಲಿನ ಉಳಿದ ಸವಲತ್ತುಗಳಲ್ಲಿ ಯಾವುದು ಕಾನೂನಿನ ಹಕ್ಕು, ಯಾವುದು ಕಂಪನಿಯ ಮರ್ಜಿ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು, ಯಾವ ಕಾನೂನಿನಡಿ ಕೆಲಸ ಎಂದು ತಿಳಿಯಿರಿ

ಕಂಪನಿಯ ಕೇಂದ್ರ ಕಚೇರಿ ನ್ಯೂಯಾರ್ಕಿನಲ್ಲಿರಲಿ, ಟೋಕಿಯೋದಲ್ಲಿರಲಿ, ಯುಎಇಯಲ್ಲಿ ನೇಮಕಗೊಂಡು ಅಲ್ಲಿಯೇ ದುಡಿಯುವವರಿಗೆ ಅನ್ವಯವಾಗುವುದು ಯುಎಇಯ ಕಾನೂನು. ಲಂಡನ್ನಿನ ಕಚೇರಿಯಲ್ಲಿರುವ ಸಹೋದ್ಯೋಗಿಗೆ ಪಿಂಚಣಿ ಇದೆ ಎಂದ ಮಾತ್ರಕ್ಕೆ ದುಬೈ ಕಚೇರಿಯಲ್ಲಿರುವ ನಿಮಗೂ ಅದು ಇರುತ್ತದೆ ಎಂದು ಭಾವಿಸಬಾರದು. ಯುಎಇಯ ಸರ್ಕಾರಿ ಪಿಂಚಣಿ ವ್ಯವಸ್ಥೆ ಭಾರತೀಯರಿಗೆ ಇಲ್ಲ, ನಮ್ಮ ಪಿಎಫ್‌ನಂಥ ಕಡ್ಡಾಯ ಉಳಿತಾಯವೂ ಹೆಚ್ಚಿನವರಿಗೆ ಇಲ್ಲ. ಆದ್ದರಿಂದ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯೇ ಬಹುಪಾಲು ಜನರಿಗೆ ಇಡೀ ದುಡಿಮೆಯ ಇಡುಗಂಟು.

ಯುಎಇಯೊಳಗೂ ಕಾನೂನು ಒಂದೇ ಅಲ್ಲ. ಮೇನ್‌ಲ್ಯಾಂಡಿನಲ್ಲಿ, ಅಂದರೆ ವಿಶೇಷ ವಲಯಗಳ ಹೊರಗೆ, ನೋಂದಣಿಯಾದ ಕಂಪನಿಗಳಿಗೂ, ಜೆಬೆಲ್ ಅಲಿಯಂಥ ಬಹುತೇಕ ಫ್ರೀ ಝೋನ್‌ಗಳಿಗೂ (ವಿಶೇಷ ವ್ಯಾಪಾರ ವಲಯಗಳಿಗೂ) 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. ಇದು 2022ರ ಫೆಬ್ರವರಿ 2ರಂದು ಜಾರಿಗೆ ಬಂತು. ಆದರೆ ದೊಡ್ಡ ಬ್ಯಾಂಕುಗಳು, ಕಾನೂನು ಸಂಸ್ಥೆಗಳು, ಸಲಹಾ ಕಂಪನಿಗಳು ನೆಲೆಸಿರುವ ದುಬೈನ ಡಿಐಎಫ್‌ಸಿ ಮತ್ತು ಅಬುಧಾಬಿಯ ಎಡಿಜಿಎಂ ಎಂಬ ಎರಡು ಹಣಕಾಸು ವಲಯಗಳಿಗೆ ತಮ್ಮದೇ ಪ್ರತ್ಯೇಕ ಉದ್ಯೋಗ ಕಾನೂನುಗಳಿವೆ. ಕಚೇರಿಯ ವಿಳಾಸ ನೋಡಿ ಇದನ್ನು ಊಹಿಸಬೇಡಿ. ನಿಮ್ಮ ವೀಸಾವನ್ನು ಪ್ರಾಯೋಜಿಸುವ ಕಂಪನಿಯ ಟ್ರೇಡ್ ಲೈಸೆನ್ಸ್ ಕೊಟ್ಟ ಪ್ರಾಧಿಕಾರ ಯಾವುದು ಎಂದು ಎಚ್‌ಆರ್ ಅವರನ್ನು ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಡಿಐಎಫ್‌ಸಿಯಲ್ಲಿ 2020ರ ಫೆಬ್ರವರಿಯಿಂದ ಗ್ರಾಚ್ಯುಟಿಯ ಬದಲು ತಿಂಗಳು ತಿಂಗಳೂ ಉಳಿತಾಯ ನಿಧಿಗೆ ಹಣ ಕಟ್ಟುವ ಪದ್ಧತಿ ಬಂದಿದೆ. ಮೊದಲ ಐದು ವರ್ಷ ಮೂಲ ವೇತನದ ಶೇ. 5.83, ಅನಂತರ ಶೇ. 8.33ರಷ್ಟನ್ನಾದರೂ ಕಂಪನಿ ಕಟ್ಟಬೇಕು. ಹಣ ಕಂಪನಿಯ ಕೈಯಲ್ಲಿರದೆ ಪ್ರತ್ಯೇಕ ನಿಧಿಯಲ್ಲಿರುವುದರಿಂದ ಕಂಪನಿ ಬಾಗಿಲು ಮುಚ್ಚಿದರೂ ಅದು ಉಳಿಯುತ್ತದೆ. ಎಷ್ಟೇ ಹೆಸರುವಾಸಿ ಕಂಪನಿಯಾದರೂ ಈ ಸುರಕ್ಷತೆ ಮೇನ್‌ಲ್ಯಾಂಡಿನ ಸಾಮಾನ್ಯ ಗ್ರಾಚ್ಯುಟಿಗೆ ಇಲ್ಲ.

ಬೇಸಿಕ್ ಎಷ್ಟು ಎಂಬ ಪ್ರಶ್ನೆ

ಆಫರ್ ಲೆಟರ್‌ನಲ್ಲಿ ಸಂಬಳ ಸಾಮಾನ್ಯವಾಗಿ ಮೂರು ನಾಲ್ಕು ಸಾಲುಗಳಾಗಿ ಒಡೆದಿರುತ್ತದೆ: ಬೇಸಿಕ್, ಮನೆ ಬಾಡಿಗೆ ಭತ್ಯೆ, ಸಾರಿಗೆ ಭತ್ಯೆ, ಇತರ ಭತ್ಯೆ. ಪ್ರತಿ ತಿಂಗಳು ಬ್ಯಾಂಕಿಗೆ ಬರುವ ಮೊತ್ತಕ್ಕೆ ಈ ವಿಂಗಡಣೆಯಿಂದ ಒಂದು ದಿರ್ಹಮ್‌ನ ವ್ಯತ್ಯಾಸವೂ ಆಗುವುದಿಲ್ಲ. ಹಾಗಾಗಿಯೇ ಇದನ್ನು ಯಾರೂ ಗಮನಿಸುವುದಿಲ್ಲ. ವ್ಯತ್ಯಾಸ ಕಾಣುವುದು ಬಿಟ್ಟು ಬರುವ ದಿನ.

ಕಾನೂನಿನಂತೆ ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನಗಳ ಮೂಲ ವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು, ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರಬಾರದು. ಲೆಕ್ಕಕ್ಕೆ ಹಿಡಿಯುವುದು ಕೊನೆಯ ಮೂಲ ವೇತನವನ್ನು ಮಾತ್ರ, ಭತ್ಯೆಗಳನ್ನಲ್ಲ.

ತಿಂಗಳಿಗೆ 8,000 ದಿರ್ಹಮ್‌ನ ಎರಡು ಆಫರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದರಲ್ಲಿ ಬೇಸಿಕ್ 3,200, ಇನ್ನೊಂದರಲ್ಲಿ 4,800. ಸಂಬಳ ಏರದೆ ಏಳು ವರ್ಷ ದುಡಿದರೆಂದು ಇಟ್ಟುಕೊಳ್ಳಿ. ಮೊದಲನೆಯದರಲ್ಲಿ 21 ದಿನದ ಬೇಸಿಕ್ 2,240 ದಿರ್ಹಮ್. ಐದು ವರ್ಷಕ್ಕೆ 11,200, ಉಳಿದ ಎರಡು ವರ್ಷಕ್ಕೆ 6,400, ಒಟ್ಟು 17,600. ಎರಡನೆಯದರಲ್ಲಿ ಇದೇ ಲೆಕ್ಕ 16,800 ಮತ್ತು 9,600 ಸೇರಿ 26,400 ಆಗುತ್ತದೆ. ಒಂದೇ ಸಂಬಳ, ಒಂದೇ ದುಡಿಮೆ, ಆದರೆ ಅಂತರ 8,800 ದಿರ್ಹಮ್, ಅಂದರೆ ಊರಿನ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿಗೂ ಹೆಚ್ಚು. ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಉಳಿದ ರಜೆಯನ್ನು ಕೆಲಸ ಬಿಡುವಾಗ ನಗದೀಕರಿಸುವುದೂ ಬೇಸಿಕ್ ಮೇಲೆ, ಓವರ್‌ಟೈಮ್ ಕಟ್ಟುವುದೂ ಬೇಸಿಕ್ ಮೇಲೆ, ಉದ್ಯೋಗ ನಷ್ಟ ವಿಮೆ ಸಿಗುವುದೂ ಬೇಸಿಕ್ ಮೇಲೆಯೇ.

ಮೇನ್‌ಲ್ಯಾಂಡಿನ ಕಾನೂನು ಬೇಸಿಕ್ ಒಟ್ಟು ಸಂಬಳದ ಇಷ್ಟು ಭಾಗ ಇರಲೇಬೇಕು ಎಂದು ಹೇಳುವುದಿಲ್ಲ; ಡಿಐಎಫ್‌ಸಿಯ ಕಾನೂನಾದರೋ ಅದು ವಾರ್ಷಿಕ ವೇತನದ ಅರ್ಧಕ್ಕಿಂತ ಕಡಿಮೆಯಾಗಬಾರದು ಎನ್ನುತ್ತದೆ. ಹಾಗಾಗಿ ಚೌಕಾಶಿ ಮಾಡಬೇಕಾದದ್ದು ಇಲ್ಲಿಯೇ. ಸಂಬಳ ಹೆಚ್ಚಿಸಿ ಎಂದರೆ ಬಜೆಟ್ ಇಲ್ಲ ಎನ್ನುವ ಕಂಪನಿ, ಅದೇ ಸಂಬಳದಲ್ಲಿ ಬೇಸಿಕ್ ಅನ್ನು ಶೇ. 60ಕ್ಕೆ ಏರಿಸಿ ಎಂದು ಸೌಜನ್ಯದಿಂದ ಕೇಳಿದರೆ ಒಪ್ಪಿದ್ದನ್ನು ನಾನು ಕಂಡಿದ್ದೇನೆ, ಏಕೆಂದರೆ ಆ ತಿಂಗಳ ಖರ್ಚು ಅದರಿಂದ ಹೆಚ್ಚುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಸಂಬಳ ಏರಿದಾಗಲೂ ಏರಿಕೆಯಷ್ಟನ್ನೂ ಭತ್ಯೆಗೆ ಸೇರಿಸಿಬಿಟ್ಟಿದ್ದಾರೆಯೇ ಎಂದು ನೋಡಬೇಕು.

ಕಾನೂನಿನಲ್ಲಿ ಇಲ್ಲದ, ಪತ್ರದಲ್ಲಿ ಇರಬೇಕಾದ ಮಾತುಗಳು

ಮೂವತ್ತು ದಿನಗಳ ವಾರ್ಷಿಕ ರಜೆ, ಪ್ರೊಬೇಷನ್ ಮುಗಿದ ಮೇಲೆ ವರ್ಷಕ್ಕೆ 90 ದಿನಗಳವರೆಗಿನ ಅನಾರೋಗ್ಯ ರಜೆ (15 ದಿನ ಪೂರ್ಣ ವೇತನ, 30 ದಿನ ಅರ್ಧ ವೇತನ, ಉಳಿದದ್ದು ವೇತನರಹಿತ), 60 ದಿನಗಳ ಹೆರಿಗೆ ರಜೆ, ಇವೆಲ್ಲ ಕಾನೂನಿನಲ್ಲೇ ಇವೆ. ಪತ್ರದಲ್ಲಿ ಬರೆಯದಿದ್ದರೂ ಸಿಗುತ್ತವೆ. ಹೆರಿಗೆ ರಜೆ ಭಾರತದ 26 ವಾರಗಳಿಗಿಂತ ಬಹಳ ಕಡಿಮೆ ಎಂಬುದನ್ನು ಸಂಸಾರ ಹೂಡುವ ಯೋಚನೆಯಲ್ಲಿರುವವರು ಗಮನಿಸಬೇಕು. ಅನೇಕ ವಿದೇಶಿ ಕಂಪನಿಗಳು ತಮ್ಮ ಜಾಗತಿಕ ನೀತಿಯಂತೆ ಹೆಚ್ಚಿನ ರಜೆ ಕೊಡುತ್ತವೆ. ದುಬೈ ಶಾಖೆಗೂ ಆ ನೀತಿ ಅನ್ವಯಿಸುತ್ತದೆಯೇ ಎಂದು ಕೇಳಿ ತಿಳಿಯಿರಿ.

ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವಿಮಾನ ಟಿಕೆಟ್ ಕಾನೂನಿನ ಹಕ್ಕು ಎಂದು ಬಹಳ ಜನ ನಂಬಿದ್ದಾರೆ, ಆದರೆ ಅದು ಹಕ್ಕಲ್ಲ. ಕೆಲಸ ಮುಗಿದಾಗ ಸ್ವದೇಶಕ್ಕೆ ಕಳುಹಿಸುವ ವೆಚ್ಚವನ್ನು ಕಂಪನಿ ಭರಿಸಬೇಕೆಂದು ಕಾನೂನು ಹೇಳುತ್ತದೆ, ಅದೂ ನೀವು ಅಲ್ಲಿಯೇ ಬೇರೆ ಕೆಲಸಕ್ಕೆ ಸೇರದಿದ್ದರೆ. ವಾರ್ಷಿಕ ಟಿಕೆಟ್, ಮಕ್ಕಳ ಶಾಲಾ ಶುಲ್ಕ, ಬೋನಸ್, ಮನೆ ಸಾಮಾನು ಸಾಗಿಸುವ ಖರ್ಚು ಇವೆಲ್ಲ ಪತ್ರದಲ್ಲಿ ಬರೆದಿದ್ದರೆ ಮಾತ್ರ ಉಂಟು.

ಕುಂದಾಪುರದ ಕಡೆಯ ಎಂಜಿನಿಯರ್ ಒಬ್ಬರ ಪತ್ರ ಈಗಲೂ ನನ್ನ ಕಣ್ಣ ಮುಂದಿದೆ. ಶಾಲಾ ಶುಲ್ಕ ಎಂಬ ಸಾಲಿನ ಎದುರು ಅಂಕಿ ಇರಲಿಲ್ಲ, ‘ಕಂಪನಿಯ ನೀತಿಯಂತೆ’ ಎಂದಷ್ಟೇ ಇತ್ತು. ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಇಬ್ಬರು ಮಕ್ಕಳಿಗೂ ಪೂರ್ತಿ ಶುಲ್ಕ ಎಂದಿದ್ದರಂತೆ. ಅವರು ಕುಟುಂಬವನ್ನು ಕರೆದುಕೊಂಡು ಹೋದ ಮರುವರ್ಷವೇ ನೀತಿ ಬದಲಾಗಿ ಒಂದೇ ಮಗುವಿಗೆ, ಅದೂ ಅರ್ಧ ಶುಲ್ಕ ಎಂದಾಯಿತು. ದೂರು ಕೊಡಲು ಆಧಾರವೇ ಇರಲಿಲ್ಲ. ‘ಕಂಪನಿಯ ನೀತಿಯಂತೆ’ ಅಥವಾ ‘ಆಡಳಿತದ ವಿವೇಚನೆಯಂತೆ’ ಎಂದು ಕಂಡ ಕಡೆಯಲ್ಲೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆದು, ಆ ನೀತಿಯ ಪ್ರತಿಯನ್ನು ಕೇಳಿ, ಮುಖ್ಯವಾದದ್ದಕ್ಕೆ ಅಂಕಿ ಹಾಕಿಸಿಕೊಳ್ಳಿ.

ಬಾಡಿಗೆಯ ವಿಷಯವೂ ಹೀಗೆಯೇ. ದುಬೈನಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಒಂದು, ಎರಡು ಅಥವಾ ನಾಲ್ಕು ಚೆಕ್‌ಗಳಲ್ಲಿ ಮುಂಗಡವಾಗಿ ಕೊಡುವ ರೂಢಿ ಇದೆ. ಮನೆ ಭತ್ಯೆ ತಿಂಗಳಿಗಿಷ್ಟು ಎಂದಿದ್ದರೆ ಮೊದಲ ಚೆಕ್‌ಗೆ ನೀವೇ ಹಣ ಹೊಂದಿಸಬೇಕಾಗುತ್ತದೆ. ಮೊದಲ ವರ್ಷದ ಭತ್ಯೆಯನ್ನು ಮುಂಗಡವಾಗಿ ಕೊಡುವಿರಾ ಎಂದು ಸೇರುವ ಮೊದಲೇ ಕೇಳಿದರೆ ಸಾಲ ಮಾಡುವ ಪ್ರಸಂಗ ತಪ್ಪುತ್ತದೆ.

ಆರೋಗ್ಯ ವಿಮೆ ನೌಕರನಿಗೆ ಕಂಪನಿಯೇ ಕೊಡಬೇಕು. 2025ರ ಜನವರಿಯಿಂದ ಇದು ಎಲ್ಲ ಏಳು ಎಮಿರೇಟ್‌ಗಳಲ್ಲೂ ಕಡ್ಡಾಯವಾಗಿದೆ. ಆದರೆ ದುಬೈನಲ್ಲಿ ಹೆಂಡತಿ ಮಕ್ಕಳ ವಿಮೆಯನ್ನು ಕಂಪನಿ ಕೊಡಲೇಬೇಕೆಂದಿಲ್ಲ, ಅವರ ವೀಸಾ ಪ್ರಾಯೋಜಿಸುವ ನೀವು ಮಾಡಿಸಬೇಕಾಗಬಹುದು. ಊರಿನಲ್ಲಿರುವಾಗಲೂ ಆ ವಿಮೆ ನಡೆಯುತ್ತದೆಯೇ, ಹೆರಿಗೆಗೆ ಮಿತಿ ಎಷ್ಟು, ಈಗಾಗಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಕಾಯುವ ಅವಧಿ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಬಿಡಬೇಡಿ.

ತಿಂಗಳಿಗೆ ಐದು ದಿರ್ಹಮ್‌ನ ಉದ್ಯೋಗ ನಷ್ಟ ವಿಮೆಯನ್ನು ಮಾತ್ರ ನೀವೇ ಕಟ್ಟಬೇಕು, 2023ರಿಂದ ಇದು ಕಡ್ಡಾಯ. ಬೇಸಿಕ್ 16,000 ದಿರ್ಹಮ್‌ಗಿಂತ ಹೆಚ್ಚಿದ್ದರೆ ಹತ್ತು ದಿರ್ಹಮ್. ಸತತ ಹನ್ನೆರಡು ತಿಂಗಳು ಕಟ್ಟಿದವರು ತಮ್ಮದಲ್ಲದ ಕಾರಣಕ್ಕೆ ಕೆಲಸ ಕಳೆದುಕೊಂಡರೆ ಮೂರು ತಿಂಗಳವರೆಗೆ ಬೇಸಿಕ್‌ನ ಶೇ. 60ರಷ್ಟು ನಿಗದಿತ ಮಿತಿಯೊಳಗೆ ಸಿಗುತ್ತದೆ. ಆದರೆ 30 ದಿನದೊಳಗೆ ಅರ್ಜಿ ಹಾಕಬೇಕು. ತಾವಾಗಿಯೇ ರಾಜೀನಾಮೆ ಕೊಟ್ಟವರಿಗೆ ಇದು ಸಿಗದು; ‘ರಾಜೀನಾಮೆ ಬರೆದುಕೊಡಿ, ಹೆಸರು ಕೆಡುವುದಿಲ್ಲ’ ಎಂದು ಯಾರಾದರೂ ಸಲಹೆ ಕೊಟ್ಟರೆ ಇದನ್ನು ನೆನಪಿಟ್ಟುಕೊಳ್ಳಿ.

ಅಮೆರಿಕದ ಕಂಪನಿಗಳು ಸಂಬಳದ ಜೊತೆ ಷೇರುಗಳನ್ನೂ ಕೊಡುವುದುಂಟು. ಯುಎಇಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲವಾದರೂ, ಅಮೆರಿಕ ಮತ್ತು ಯುಎಇ ನಡುವೆ ಆದಾಯ ತೆರಿಗೆ ಒಪ್ಪಂದವಿಲ್ಲದ ಕಾರಣ ಡಿವಿಡೆಂಡ್‌ನ (ಲಾಭಾಂಶದ) ಮೇಲೆ ಶೇ. 30 ಅಮೆರಿಕದಲ್ಲೇ ಕಡಿತವಾಗುತ್ತದೆ. ಇದಕ್ಕಿಂತ ಗಂಭೀರವಾದದ್ದು, ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ಅಲ್ಲಿನ ಕಂಪನಿಯ ಷೇರುಗಳನ್ನು ಹೊಂದಿರುವಾಗಲೇ ತೀರಿಕೊಂಡರೆ, 60,000 ಡಾಲರ್ ಮೀರಿದ ಮೌಲ್ಯಕ್ಕೆ ಅಲ್ಲಿನ ಎಸ್ಟೇಟ್ ತೆರಿಗೆ (ತೀರಿಕೊಂಡವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) ಬೀಳುತ್ತದೆ, ಅದು ಶೇ. 40ರವರೆಗೂ ಹೋಗುತ್ತದೆ. ಷೇರುಗಳು ಕೈಗೆ ಬಂದಂತೆಲ್ಲ ಮಾರಿ ಹಣವನ್ನು ಬೇರೆಡೆ ಇಡುವುದು ಕುಟುಂಬವಂತರಿಗೆ ಹೆಚ್ಚು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಹೊರಡುವ ಮೊದಲು, ಊರಿನಲ್ಲಿ

ಆಫರ್ ಲೆಟರ್‌ನಲ್ಲಿರುವ ಅಂಕಿಗಳೇ ಯುಎಇಯ ಕಾರ್ಮಿಕ ಸಚಿವಾಲಯದಲ್ಲಿ ನೋಂದಣಿಯಾಗುವ ಒಪ್ಪಂದದಲ್ಲೂ ಇರಬೇಕು. ಸಚಿವಾಲಯದ ನಮೂನೆ ಅರಬ್ಬಿ, ಇಂಗ್ಲಿಷ್ ಅಲ್ಲದೆ ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಇಷ್ಟು ಸಾವಿರ ಕನ್ನಡಿಗರು ಅಲ್ಲಿ ದುಡಿಯುತ್ತಿದ್ದರೂ ಕನ್ನಡ ಆ ಪಟ್ಟಿಯಲ್ಲಿಲ್ಲ ಎಂಬುದು ನನಗೆ ನೋವಿನ ಸಂಗತಿ. ಇಂಗ್ಲಿಷ್ ಅಷ್ಟಾಗಿ ಬಾರದವರು ತಿಳಿದವರ ಜೊತೆ ಕೂತು ಸಾಲು ಸಾಲಾಗಿ ಓದಿಸಿಕೊಳ್ಳಬೇಕು. ವೀಸಾ, ವೈದ್ಯಕೀಯ ಪರೀಕ್ಷೆ, ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ, ಪಾಸ್‌ಪೋರ್ಟ್ ಕಸಿದು ಇಟ್ಟುಕೊಳ್ಳುವಂತೆಯೂ ಇಲ್ಲ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್‌ಗೆ ಭಾರತ ಸರ್ಕಾರದ ಇ-ಮೈಗ್ರೇಟ್ ಎಂಬ ಜಾಲತಾಣದ ಮೂಲಕ ಅನುಮತಿ ಬೇಕು. ಅದರ ಜೊತೆ ಹತ್ತು ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆಯೂ ಸಿಗುತ್ತದೆ.

ಹೊರಡುವ ದಿನಾಂಕಕ್ಕೂ ತೆರಿಗೆಗೂ ಸಂಬಂಧವಿದೆ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯರು ಆ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ಆ ವರ್ಷಕ್ಕೆ ನಿವಾಸಿಗಳೆಂದೇ ಗಣನೆಯಾಗುತ್ತಾರೆ, ದುಬೈ ಸಂಬಳವೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಸೇರುವ ದಿನವನ್ನು ಆರಿಸುವ ಅವಕಾಶವಿದ್ದರೆ ಸೆಪ್ಟೆಂಬರ್ ಮುಗಿಯುವ ಕೆಲವು ದಿನ ಮೊದಲೇ ಹೊರಡುವುದು ಲೇಸು. ಊರಿನ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಭಾರತದೊಳಗಿನ ಆದಾಯದ ಖಾತೆ) ಆಗಿ ಬದಲಿಸಿ, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಅನಿವಾಸಿಗಳು ಭಾರತದಲ್ಲಿ ತೆರಿಗೆ ಕೊಡಬೇಕಿಲ್ಲ.

ಬಿಡುವ ದಿನದ ಕಾಗದ

ಹಳೆಯ ಕಾನೂನಿನಲ್ಲಿ ಐದು ವರ್ಷಕ್ಕೆ ಮೊದಲೇ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿ ಕಡಿತವಾಗುವುದಿತ್ತು. ಈಗ ಹಾಗಿಲ್ಲ, ನೋಟಿಸ್ ಅವಧಿ ಪೂರೈಸಿ ನೀವಾಗಿಯೇ ಬಿಟ್ಟರೂ ಪೂರ್ತಿ ಸಿಗಬೇಕು. ಗ್ರಾಚ್ಯುಟಿ, ಉಳಿದ ರಜೆಯ ಹಣ, ಬಾಕಿ ಸಂಬಳ ಎಲ್ಲವನ್ನೂ ಒಪ್ಪಂದ ಮುಗಿದ 14 ದಿನಗಳೊಳಗೆ ಕೊಡಬೇಕು.

ಆ ದಿನ ನಿಮ್ಮ ಮುಂದೆ ಬರುವ ವೀಸಾ ರದ್ದತಿಯ ಕಾಗದದಲ್ಲಿ ‘ನನಗೆ ಬರಬೇಕಾದ ಎಲ್ಲ ಮೊತ್ತವೂ ಸಂದಿದೆ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಹಣ ಖಾತೆಗೆ ಬೀಳುವ ಮೊದಲು ಅದಕ್ಕೆ ಸಹಿ ಹಾಕಬೇಡಿ. ಕಂಪನಿ ಒತ್ತಾಯಿಸಿದರೆ ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲೇ ದೂರು ದಾಖಲಿಸಬಹುದು. 50,000 ದಿರ್ಹಮ್‌ವರೆಗಿನ ವ್ಯಾಜ್ಯವನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ. ಹಕ್ಕು ಕೇಳಲು ಈಗ ಕೆಲಸ ಮುಗಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿದೆ. ಡಿಐಎಫ್‌ಸಿ, ಎಡಿಜಿಎಂ ನೌಕರರು ಮಾತ್ರ ಆಯಾ ವಲಯದ ನ್ಯಾಯಾಲಯಕ್ಕೇ ಹೋಗಬೇಕು. ಇದಕ್ಕೆಲ್ಲ ಬೇಕಾಗುವುದು ಒಪ್ಪಂದದ ಪ್ರತಿ, ಸಂಬಳ ಏರಿಕೆಯ ಪತ್ರಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ರಜೆಯ ಲೆಕ್ಕ. ಇವನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲಿ ಬಿಡದೆ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಂಡಿರಿ, ಏಕೆಂದರೆ ಕೆಲಸ ಹೋದ ದಿನ ಮೊದಲು ಮುಚ್ಚುವುದು ಆ ಲ್ಯಾಪ್‌ಟಾಪಿನ ಲಾಗಿನ್.