ಕ್ಯಾಮೆರಾ ಆಮೇಲೆ ತಗೊಳ್ಳಿ, ಮೊದಲು ಲೆನ್ಸ್ ಯಾವುದು ಅಂತ ಡಿಸೈಡ್ ಮಾಡಿ

ಅಂಗಡಿಗೆ ಹೋಗೋ ಮುಂಚೆ ಒಂದು ಹಾಳೆ ತಗೊಂಡು ಮೂರು ವಿಷಯ ಬರ್ಕೊಳ್ಳಿ. ನೀವು ಫೋಟೋ ತೆಗೀಬೇಕು ಅಂತಿರೋದು ಎಷ್ಟು ದೂರದಲ್ಲಿರತ್ತೆ, ಅಲ್ಲಿ ಬೆಳಕು ಎಷ್ಟಿರತ್ತೆ, ಅದು ಓಡಾಡತ್ತಾ ಇಲ್ಲಾ ಸುಮ್ನೆ ನಿಂತಿರತ್ತಾ. ಇದಕ್ಕೆ ಉತ್ತರ ಇಲ್ದೇ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ರಿವ್ಯೂ ಎಷ್ಟು ನೋಡಿದ್ರೂ ತಲೆ ಕೆಡತ್ತೆ ಅಷ್ಟೇ, ಯಾಕಂದ್ರೆ ಈ ಮೂರನ್ನೂ ಮೊದಲು ನಿಭಾಯಿಸೋದು ಲೆನ್ಸು. ಬಾಡಿ ಕೆಲವು ವರ್ಷಕ್ಕೆ ಹಳೇದಾಗತ್ತೆ, ಒಳ್ಳೆ ಲೆನ್ಸ್ ಎರಡು ಮೂರು ಬಾಡಿ ಕಂಡು ಆಮೇಲೂ ಕೆಲ್ಸ ಮಾಡ್ತಿರತ್ತೆ. ಹಾಗಾಗಿ ಬಜೆಟ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಲೆನ್ಸ್‌ಗೇ ಇಡಿ, ಹಕ್ಕಿ ಹುಚ್ಚು ಇದ್ರೆ ಇನ್ನೂ ಜಾಸ್ತಿ.

ಮನೇಲಿ ಈಗಾಗ್ಲೇ 18-55 ಎಂಎಂ ಕಿಟ್ ಲೆನ್ಸ್, ಅಂದ್ರೆ ಕ್ಯಾಮೆರಾ ಜೊತೆಗೇ ಬರೋ ಲೆನ್ಸ್ ಇದ್ರೆ ಎರಡನೇ ಹೆಜ್ಜೆ ಸುಲಭ. ನಿಮಗೆ ಇಷ್ಟ ಆಗಿರೋ ಫೋಟೋಗಳನ್ನ ಕಂಪ್ಯೂಟರ್‌ನಲ್ಲಿ ಓಪನ್ ಮಾಡಿ ಪ್ರತಿಯೊಂದೂ ಯಾವ ಫೋಕಲ್ ಲೆಂತ್‌ನಲ್ಲಿ (ಲೆನ್ಸ್ ಮೇಲಿರೋ ಎಂಎಂ ನಂಬರ್) ತೆಗೆದಿದ್ದು ನೋಡಿ, ಫೈಲ್ ಡೀಟೇಲ್ಸ್‌ನಲ್ಲೇ ಇರತ್ತೆ. ಮುಕ್ಕಾಲು ಪಾಲು 55ರಲ್ಲೇ ನಿಂತಿದ್ರೆ ನಿಮಗೆ ಬೇಕಿರೋದು ದೂರದ್ದನ್ನ ಹತ್ತಿರ ತೋರಿಸೋ ಟೆಲಿ, ಎಲ್ಲಾ 18ರಲ್ಲೇ ಇದ್ರೆ ಜಾಸ್ತಿ ಜಾಗ ಹಿಡಿಸೋ ವೈಡ್.

ಮೂರನೇದು ಸೆನ್ಸರ್, ಅಂದ್ರೆ ಬಾಡಿ ಒಳಗೆ ಚಿತ್ರ ಹಿಡಿಯೋ ಚಿಪ್. ಫುಲ್ ಫ್ರೇಮ್ ಅಂದ್ರೆ 36×24 ಎಂಎಂ, ಎಪಿಎಸ್-ಸಿ ಅದಕ್ಕಿಂತ ಚಿಕ್ಕದು. ನಿಕಾನ್, ಸೋನಿ, ಫ್ಯೂಜಿಯಲ್ಲಿ ಕ್ರಾಪ್ ಫ್ಯಾಕ್ಟರ್ 1.5, ಕ್ಯಾನನ್‌ನಲ್ಲಿ 1.6. ಅಂದ್ರೆ 50 ಎಂಎಂ ಲೆನ್ಸನ್ನ ಎಪಿಎಸ್-ಸಿ ಬಾಡಿಗೆ ಹಾಕಿದ್ರೆ ಕಾಣೋದು 75ರಿಂದ 80 ಎಂಎಂ ಥರ. ಹಕ್ಕಿ ತೆಗೆಯೋರಿಗೆ ಇದು ಲಾಭ, ಮನೆ ಒಳಗೆ, ಸಣ್ಣ ರೂಮಲ್ಲಿ ತೆಗೆಯೋರಿಗೆ ನಷ್ಟ. ಜೊತೆಗೆ ಮೌಂಟ್ (ಬಾಡಿ ಮೇಲೆ ಲೆನ್ಸ್ ಕೂರೋ ಜಾಗ) ಕೂಡ ನೋಡ್ಕೊಳ್ಳಿ. ನಿಕಾನ್ ಎಫ್ ಮೌಂಟ್ 1959ರಿಂದ ಇದೆ, ಕ್ಯಾನನ್ ಇಎಫ್ 1987ರಿಂದ, ಹಾಗಾಗಿ ಸೆಕೆಂಡ್ ಹ್ಯಾಂಡಲ್ಲಿ ಆ ಲೆನ್ಸ್‌ಗಳು ರಾಶಿ ರಾಶಿ ಸಿಗತ್ತೆ. ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ಬಂದಿರೋ ನಿಕಾನ್ ಝೆಡ್, ಕ್ಯಾನನ್ ಆರ್‌ಎಫ್ ಎರಡೂ 2018ರವು. ಹಳೇ ಲೆನ್ಸನ್ನ ಅಡಾಪ್ಟರ್ ಹಾಕಿ ಹೊಸ ಬಾಡಿಗೆ ಕೂರಿಸಬಹುದು, ಆದ್ರೆ ಹೊಸ ಲೆನ್ಸನ್ನ ಹಳೇ ಬಾಡಿಗೆ ಆಗಲ್ಲ. ದುಡ್ಡು ಕಮ್ಮಿ ಇರೋರಿಗೆ ನನ್ನ ಸಲಹೆ ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್ ಬಾಡಿ, ಒಳ್ಳೆ ಲೆನ್ಸ್.

ಈಗ ಹಕ್ಕಿ ವಿಷಯಕ್ಕೆ ಬರೋಣ, ಬೆಂಗಳೂರಲ್ಲಿ ಎಷ್ಟೋ ಜನ ದೊಡ್ಡ ಲೆನ್ಸ್ ತಗೊಳ್ಳೋದೇ ಇದಕ್ಕೆ. ಲಾಲ್‌ಬಾಗಲ್ಲಿ ಎಂಟು ಮೀಟರ್ ದೂರದ ಕೊಂಬೆ ಮೇಲೆ ಸೂರಕ್ಕಿ ಕೂತಿದೆ ಅಂದ್ಕೊಳ್ಳಿ, ಉದ್ದ ಹೆಚ್ಚು ಕಮ್ಮಿ 10 ಸೆಂಟಿಮೀಟರ್. ಕಿಟ್ ಲೆನ್ಸ್‌ನ 55ರಲ್ಲಿ ಅದು ಸೆನ್ಸರ್ ಮೇಲೆ ಮುಕ್ಕಾಲು ಮಿಲಿಮೀಟರ್ ಕೂಡ ಬರಲ್ಲ, ಚುಕ್ಕಿ. 300 ಎಂಎಂ ಹಾಕಿದ್ರೆ ಸುಮಾರು 4 ಮಿಲಿಮೀಟರ್, ಎಪಿಎಸ್-ಸಿ ಫ್ರೇಮ್‌ನ ಆರರಲ್ಲಿ ಒಂದು ಭಾಗ. 600 ಹಾಕಿದ್ರೆ 8 ಮಿಲಿಮೀಟರ್, ಫ್ರೇಮ್‌ನ ಮೂರನೇ ಒಂದು ಭಾಗ, ಪುಕ್ಕದ ಗೆರೆ ಕಾಣತ್ತೆ. ಸಿಗ್ಮಾ, ಟ್ಯಾಮ್ರಾನ್ 150-600, ನಿಕಾನ್ 200-500 ಇವೆಲ್ಲ ಇಷ್ಟು ಫೇಮಸ್ ಆಗಿರೋದು ಇದೇ ಲೆಕ್ಕಕ್ಕೆ. ಆದ್ರೆ ಅದೇ ಲೆಕ್ಕ ಇನ್ನೊಂದು ಮಾತೂ ಹೇಳತ್ತೆ: 300 ಹಿಡ್ಕೊಂಡು ನಾಲ್ಕು ಮೀಟರ್‌ಗೆ ಹೋಗೋಕೆ ಆದ್ರೆ ಎಂಟು ಮೀಟರ್‌ನಲ್ಲಿ 600 ಹಿಡಿದ ಹಾಗೇ. ಒಂದೇ ಕಡೆ ಅಲುಗಾಡದೇ ಕೂತು, ಹಕ್ಕಿ ತಾನಾಗೇ ಹತ್ತಿರ ಬರೋವರೆಗೂ ಕಾಯೋರಿಗೆ ಲೆನ್ಸ್ ಅರ್ಧ ಖರ್ಚಲ್ಲಿ ಮುಗಿಯತ್ತೆ. ನಮ್ಮೂರಿನ ಟಿ.ಎನ್.ಎ. ಪೆರುಮಾಳ್ ಆಟೋಫೋಕಸ್ ಬರೋಕೆ ಮುಂಚಿನಿಂದ್ಲೇ, ಫಿಲ್ಮ್‌ನಲ್ಲಿ ಹಕ್ಕಿ ಪ್ರಾಣಿ ತೆಗೀತಿದ್ರು, ಹೊಸದಾಗಿ ಶುರು ಮಾಡೋರು ಅವರ ಚಿತ್ರಗಳನ್ನ ನೋಡಲೇಬೇಕು.

ಜಾಗಕ್ಕೆ ತಕ್ಕ ಹಾಗೆ ಇದು ಬದಲಾಗತ್ತೆ. ಹೆಬ್ಬಾಳ ಕೆರೆಯ ಹೆಜ್ಜಾರ್ಲೆ ದೊಡ್ಡ ಹಕ್ಕಿ, 50 ಮೀಟರ್‌ನಲ್ಲಿದ್ರೂ 70-300 ಸಾಕಾಗತ್ತೆ. ರಂಗನತಿಟ್ಟಿನ ದೋಣಿಯಲ್ಲಿ 600 ಹಿಡಿದ್ರೆ ಕಷ್ಟ, ದೋಣಿ ಅಲ್ಲಾಡತ್ತೆ, ಹಕ್ಕಿಗಳೂ ಹತ್ತಿರ ಇರ್ತವೆ, 100-400 ಬೆಸ್ಟ್. ಹೆಸರಘಟ್ಟದ ಹುಲ್ಲುಗಾವಲಲ್ಲಿ ಚಳಿಗಾಲಕ್ಕೆ ಬರೋ ಬೇಟೆ ಹಕ್ಕಿ ಹ್ಯಾರಿಯರ್‌ಗಳಿಗೆ ಮಾತ್ರ 600 ಕೂಡ ಸಾಲಲ್ಲ ಅನ್ಸತ್ತೆ, ಹಾಗಂತ ಗಾಡಿನ ಹುಲ್ಲೊಳಗೆ ನುಗ್ಗಿಸ್ಬೇಡಿ, ನೆಲದ ಮೇಲೇ ಗೂಡು ಕಟ್ಟೋ ಹಕ್ಕಿಗಳಿವೆ ಅಲ್ಲಿ. ಹಾರೋ ಹಕ್ಕಿಗೆ ಶಟರ್ 1/2000 ಸೆಕೆಂಡ್ ಆಸುಪಾಸು ಬೇಕು, ಬೆಳಿಗ್ಗೆ ಆರೂವರೆಗೆ ಮರದ ಕೆಳಗೆ ಎಫ್ 6.3ರಲ್ಲಿ (ಎಫ್ ನಂಬರ್ ಜಾಸ್ತಿ ಆದಷ್ಟೂ ಲೆನ್ಸ್ ಬಿಡೋ ಬೆಳಕು ಕಮ್ಮಿ) ಅಷ್ಟು ಶಟರ್ ಬೇಕಂದ್ರೆ ಐಎಸ್‌ಒ (ಬೆಳಕಿಗೆ ಸೆನ್ಸರ್ ಸೂಕ್ಷ್ಮತೆ) ಮೇಲಕ್ಕೆ ಹೋಗ್ತಾನೇ ಇರತ್ತೆ, ಫೋಟೋ ಕಾಳು ಕಾಳಾಗತ್ತೆ. ಹೊಸ ಬಾಡಿ ಮೇಲೆ ದುಡ್ಡು ಹಾಕೋದು ನಿಜವಾಗ್ಲೂ ವರ್ಕೌಟ್ ಆಗೋದು ಇಲ್ಲಿ, ಕಣ್ಣನ್ನೇ ಹಿಡ್ಕೊಂಡು ಫಾಲೋ ಮಾಡೋ ಆಟೋಫೋಕಸ್ ಹಕ್ಕಿಗೆ ತುಂಬಾ ಸಹಾಯ ಮಾಡತ್ತೆ.

ಸ್ಟ್ರೀಟ್ ಫೋಟೋಗ್ರಫಿಗೆ ಲೆಕ್ಕವೇ ಬೇರೆ. ಕೆ.ಆರ್. ಮಾರ್ಕೆಟ್‌ಗೆ ಬೆಳಿಗ್ಗೆ ಐದಕ್ಕೆ ಹೋಗಿ ನೋಡಿ, ಸೇವಂತಿಗೆ ರಾಶಿ ಹಾಕ್ಕೊಂಡಿರೋರು ನಿಮಗೆ ಒಂದೂವರೆ ಮೀಟರ್ ದೂರದಲ್ಲಿರ್ತಾರೆ, ತಲೆ ಮೇಲೊಂದು ಬಲ್ಬು, ಹಿಂದುಗಡೆಯಿಂದ ಮೂಟೆ ಹೊತ್ತೋರು ಸೈಡ್ ಸೈಡ್ ಅಂತ ಬರ್ತಿರ್ತಾರೆ, ಹಿಂದೆ ಸರಿಯೋಕೆ ಜಾಗ ಇಲ್ಲ. ಇಲ್ಲಿ 35 ಎಂಎಂ ಎಫ್ 1.8 ಇದ್ರೆ ಆರಾಮ, ಎಪಿಎಸ್-ಸಿ ಆದ್ರೆ 23 ಅಥವಾ 24. ಕಿಟ್ ಲೆನ್ಸ್ ಝೂಮ್ ಮಧ್ಯದಲ್ಲಿ ಎಫ್ 4.5ಕ್ಕೆ ನಿಲ್ಲತ್ತೆ, ಅದಕ್ಕಿಂತ ಎಫ್ 1.8 ಆರು ಪಟ್ಟು ಜಾಸ್ತಿ ಬೆಳಕು ಬಿಡತ್ತೆ, ಅಂದ್ರೆ ಕಿಟ್‌ನಲ್ಲಿ ಐಎಸ್‌ಒ 6400 ಬೇಕಿದ್ದ ಕಡೆ 1000ದಲ್ಲೇ ಕೆಲ್ಸ ಆಗತ್ತೆ, ಹೂವಿನ ಹಳದಿ ಹಳದಿಯಾಗೇ ಉಳಿಯತ್ತೆ. ಕರಗದ ರಾತ್ರಿಗೂ ಇದೇ ಲೆನ್ಸು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹಗಲು ಹೋದ್ರೆ ಕಿಟ್ ಲೆನ್ಸೇ ಸಾಕು, ಬೆಳಕು ಧಾರಾಳ.

ಪೋರ್ಟ್ರೇಟ್‌ಗೆ ಫುಲ್ ಫ್ರೇಮ್‌ನಲ್ಲಿ 85 ಎಫ್ 1.8, ಎಪಿಎಸ್-ಸಿಯಲ್ಲಿ 50 ಎಫ್ 1.8. ಅತಿ ಕಮ್ಮಿ ದುಡ್ಡಿಗೆ ಅತಿ ಜಾಸ್ತಿ ಖುಷಿ ಕೊಡೋ ಲೆನ್ಸ್ 50 ಎಫ್ 1.8 ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ.

ಮದುವೆ, ಫಂಕ್ಷನ್‌ಗೆ ಎಫ್ 2.8 ಝೂಮ್. ಫುಲ್ ಫ್ರೇಮ್ ಆದ್ರೆ 24-70, ಎಪಿಎಸ್-ಸಿ ಆದ್ರೆ 17-50 ಅಥವಾ 18-50. ಧಾರೆ ಹೊತ್ತಲ್ಲಿ ಮಂಟಪದ ಸುತ್ತ ನೆಂಟರು ನಿಂತಿರೋವಾಗ ಲೆನ್ಸ್ ಬದಲಾಯಿಸೋಕೆ ಟೈಮ್ ಸಿಗಲ್ಲ. ಛತ್ರದ ಎಲ್‌ಇಡಿ ಲೈಟಲ್ಲಿ ಫೋಟೋ ಮೇಲೆ ಪಟ್ಟೆ ಪಟ್ಟೆ ಬಂದ್ರೆ ಲೆನ್ಸನ್ನ ಬೈಬೇಡಿ, ನಮ್ಮ ಕರೆಂಟು 50 ಹರ್ಟ್ಸ್, ಎಷ್ಟೋ ಲೈಟ್‌ಗಳು ಸೆಕೆಂಡಿಗೆ 100 ಸಲ ಮಿಣುಕ್ತವೆ, ಶಟರ್ 1/100 ಅಥವಾ 1/50ಕ್ಕೆ ಇಟ್ರೆ ಬಹಳ ಮಟ್ಟಿಗೆ ಹೋಗತ್ತೆ.

ಕಟ್ಟಡಗಳಿಗೆ ಎಪಿಎಸ್-ಸಿಯಲ್ಲಿ 10-18, ಫುಲ್ ಫ್ರೇಮ್‌ನಲ್ಲಿ 16-35. ವಿಧಾನಸೌಧ ಹಿಂದಕ್ಕೆ ವಾಲಿದ ಹಾಗೆ ಕಂಡ್ರೆ ಅದು ಕ್ಯಾಮೆರಾ ಮೇಲಕ್ಕೆತ್ತಿದ್ದರಿಂದ, ದೂರ ಹೋಗಿ ಕ್ಯಾಮೆರಾ ನೇರ ಇಟ್ಟು ತೆಗೀರಿ.

ಹುಳ ಹುಪ್ಪಟೆ ಇಷ್ಟ ಇರೋರಿಗೆ 90ರಿಂದ 105ರ ಮ್ಯಾಕ್ರೋ, 1:1 (ಹುಳ ಇದ್ದಷ್ಟೇ ಗಾತ್ರದಲ್ಲಿ ಸೆನ್ಸರ್ ಮೇಲೆ ಬೀಳೋದು) ಅಂತ ಬರೆದಿರೋದೇ ತಗೊಳ್ಳಿ. 1:1ರಲ್ಲಿ ಎಫ್ 8 ಇಟ್ರೂ ಫೋಕಸ್‌ನಲ್ಲಿ ಇರೋದು ಒಂದು ಮಿಲಿಮೀಟರ್‌ಗಿಂತ ಕಮ್ಮಿ, ಜಿಗಿಯೋ ಜೇಡದ ಕಣ್ಣು ಶಾರ್ಪ್ ಬಂದ್ರೆ ಹಿಂಗಾಲು ಮಸುಕು. ಹಾಗಾಗಿ ಎಫ್ 11, ಫ್ಲ್ಯಾಶ್, ಅದರ ಮುಂದೆ ಬೆಳಕನ್ನ ಹರಡೋ ಬಿಳಿ ಡಿಫ್ಯೂಸರ್ ಬೇಕೇ ಬೇಕು. ಮ್ಯಾಕ್ರೋಗೆ ದುಡ್ಡಿಲ್ಲ ಅಂದ್ರೆ ಇರೋ 50ಕ್ಕೆ ಎಕ್ಸ್‌ಟೆನ್ಶನ್ ಟ್ಯೂಬ್ (ಬಾಡಿಗೂ ಲೆನ್ಸಿಗೂ ಮಧ್ಯೆ ಕೂರಿಸೋ ಖಾಲಿ ಕೊಳವೆ) ಹಾಕಿ, ನಿಮ್ಮ ಮನೆ ತುಳಸಿ ಕುಂಡದಲ್ಲೇ ಒಂದು ತಿಂಗಳಿಗಾಗೋಷ್ಟು ಸಬ್ಜೆಕ್ಟ್ ಇದೆ.

ಡಿಸೈಡ್ ಆದ ಮೇಲೂ ತಕ್ಷಣ ಕೊಂಡ್ಕೋಬೇಡಿ. ಬೆಂಗಳೂರಲ್ಲಿ ಲೆನ್ಸ್ ಬಾಡಿಗೆಗೆ ಕೊಡೋರು ಬೇಕಾದಷ್ಟಿದ್ದಾರೆ, ಒಂದು ವೀಕೆಂಡ್‌ಗೆ ತಗೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೆಗಲಿಗೆ ಹಾಕ್ಕೊಂಡು ಓಡಾಡಿ. 150-600 ಎರಡು ಕೆಜಿ ಆಸುಪಾಸು ಇರತ್ತೆ, ಅದನ್ನ ಹೊತ್ಕೊಂಡು ನಡೆಯೋಕೆ ನಿಮಗೆ ಇಷ್ಟ ಇದೆಯಾ ಅನ್ನೋದು ಯಾವ ರಿವ್ಯೂನಲ್ಲೂ ಬರೆದಿರಲ್ಲ.

ಸೆಕೆಂಡ್ ಹ್ಯಾಂಡ್ ಆದ್ರೆ ಹಗಲಲ್ಲೇ ಹೋಗಿ, ನಿಮ್ಮ ಬಾಡಿ ಜೊತೆಗಿರಲಿ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ, ಜೇಡರಬಲೆ ಥರ ಸಣ್ಣ ಎಳೆ ಕಂಡ್ರೆ ಅದು ಫಂಗಸ್, ವಾಪಸ್ ಕೊಟ್ಟು ಬನ್ನಿ. ಎರಡು ಚೂರು ಧೂಳಿದ್ರೆ ಪರ್ವಾಗಿಲ್ಲ. ಇಟ್ಟಿಗೆ ಗೋಡೆಯನ್ನ ನೇರ ನಿಂತು ಫುಲ್ ಅಪರ್ಚರ್‌ನಲ್ಲಿ (ಅತಿ ಚಿಕ್ಕ ಎಫ್ ನಂಬರ್) ತೆಗೆದು ನಾಲ್ಕೂ ಮೂಲೆ ಝೂಮ್ ಮಾಡಿ ನೋಡಿ, ಒಂದು ಕಡೆ ಮಾತ್ರ ಮಸುಕಿದ್ರೆ ಲೆನ್ಸ್ ಎಲ್ಲೋ ಬಿದ್ದಿರಬಹುದು. ಹೊಸದಾದ್ರೆ ಬಿಲ್ಲು, ಭಾರತದ ವಾರಂಟಿ ಕಾರ್ಡು ಎರಡೂ ಕೇಳಿ.

ಮನೆಗೆ ಬಂದ ಮೇಲೆ ಬ್ಯಾಗಲ್ಲಿ ಹಾಕಿ ಬೀರು ಒಳಗೆ ಇಡಬೇಡಿ, ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗೆ ಕತ್ತಲಲ್ಲಿ ಕೂತ ಲೆನ್ಸೇ ಮೊದಲು ಫಂಗಸ್ ಹಿಡಿಯೋದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ಹ್ಯೂಮಿಡಿಟಿ ಮೀಟರ್ ಇಡಿ, ಮೀಟರ್ 40ರಿಂದ 50 ಪರ್ಸೆಂಟ್ ತೋರಿಸ್ತಿರಲಿ. ಜೆಲ್ ಬಣ್ಣ ಬದಲಾದ್ರೆ ಬಿಸಿ ಮಾಡಿ ಒಣಗಿಸಿ, ತಣ್ಣಗಾದ ಮೇಲೆ ವಾಪಸ್ ಡಬ್ಬಕ್ಕೆ ಹಾಕಿ.