ನಡೆಯುವಾಗ ಚಾಲಕ ನರಕೋಶದ ಚುರುಕುತನ: ಸೋಲಿಯಸ್ ಎಚ್-ರಿಫ್ಲೆಕ್ಸ್ ಅಳೆಯುವ ಕ್ರಮ

ನಡೆಯುತ್ತಿರುವ ಮನುಷ್ಯನ ಬೆನ್ನುಹುರಿಗೆ ಎಲೆಕ್ಟ್ರೋಡ್ ಇಳಿಸಲಾಗದು. ಹಾಗಾಗಿ ಚಾಲಕ ನರಕೋಶಗಳ (ಸ್ನಾಯುವಿಗೆ ಆಜ್ಞೆ ಕಳಿಸುವ ಬೆನ್ನುಹುರಿಯ ಕೋಶಗಳ) ಸ್ಥಿತಿಯನ್ನು ಎಚ್-ರಿಫ್ಲೆಕ್ಸ್‌ನ ಮೂಲಕ ಪರೋಕ್ಷವಾಗಿಯೇ ಅಳೆಯಬೇಕು. ನರಕ್ಕೆ ಕರೆಂಟ್ ಕೊಟ್ಟಾಗ ಸಂಕೇತ ಬೆನ್ನುಹುರಿಗೆ ಹೋಗಿ ಮರಳಿ ಸ್ನಾಯುವನ್ನು ಮಿಡಿಸುವುದೇ ಎಚ್-ರಿಫ್ಲೆಕ್ಸ್; ಇಲ್ಲಿ ಅದನ್ನು ಅಳೆಯುವುದು ಮೀನಖಂಡದ ಸೋಲಿಯಸ್ ಸ್ನಾಯುವಿನಲ್ಲಿ.

ಮೀನಖಂಡದ ಉಬ್ಬು ಮುಗಿಯುವಲ್ಲಿ, ಹಿಮ್ಮಡಿಯ ಸ್ನಾಯುರಜ್ಜುವಿನ ನೇರಕ್ಕೆ, ಎರಡು ಇಎಂಜಿ (ಸ್ನಾಯುವಿನ ವಿದ್ಯುತ್ ದಾಖಲಿಸುವ) ಎಲೆಕ್ಟ್ರೋಡ್‌ಗಳನ್ನು 2 ಸೆಂ.ಮೀ. ಅಂತರದಲ್ಲಿ ಅಂಟಿಸಿ. ಕರೆಂಟ್ ಕೊಡುವ ಋಣ ಎಲೆಕ್ಟ್ರೋಡ್ (ಕ್ಯಾಥೋಡ್) ಮಂಡಿಯ ಹಿಂದಿನ ಗುಳಿಯಲ್ಲಿ ಟಿಬಿಯಲ್ ನರದ ಮೇಲಿರಲಿ, ಧನ ಎಲೆಕ್ಟ್ರೋಡ್ (ಆನೋಡ್) ಮಂಡಿಚಿಪ್ಪಿನ ಮೇಲ್ಗಡೆ. 1 ಮಿಲಿಸೆಕೆಂಡಿನ ಪಲ್ಸ್ ಕೊಡಿ. ತೀರಾ ಚಿಕ್ಕ ಪಲ್ಸ್ ಸ್ನಾಯುವಿನ ಹಿಗ್ಗುವಿಕೆಯ ಸುದ್ದಿ ಬೆನ್ನುಹುರಿಗೆ ಒಯ್ಯುವ 1ಎ ನಾರುಗಳನ್ನು ಬಿಟ್ಟು ಚಾಲಕ ನಾರುಗಳನ್ನೇ ಹೆಚ್ಚು ಕೆಣಕುತ್ತದೆ. ಮೊದಲು ಚಾಲಕ ನಾರುಗಳಿಂದ ನೇರ ಬಂದ ಎಂ-ಅಲೆ, ಸುಮಾರು 30 ಮಿಲಿಸೆಕೆಂಡಿಗೆ ಬೆನ್ನುಹುರಿ ಸುತ್ತಿ ಬಂದ ಎಚ್-ಅಲೆ ಕಾಣಿಸುತ್ತದೆ.

ಟ್ರೆಡ್‌ಮಿಲ್ ವೇಗ ಗಂಟೆಗೆ 4 ಕಿ.ಮೀ. ಇರಲಿ. ಹಿಮ್ಮಡಿಯಡಿಯ ಸ್ವಿಚ್‌ನಿಂದ ಹೆಜ್ಜೆಯ ಆರಂಭ ಗುರುತಿಸಿ, ಇಡೀ ಹೆಜ್ಜೆಯನ್ನು 16 ಭಾಗ ಮಾಡಿ. ಉದ್ದೀಪನೆ ಯಾವ ಭಾಗದಲ್ಲಿ ಬೀಳುತ್ತದೆಂದು ನಡೆಯುವವರಿಗೆ ಗೊತ್ತಾಗಬಾರದು. ಒಂದಕ್ಕೂ ಇನ್ನೊಂದಕ್ಕೂ ನಡುವೆ 3-4 ಸೆಕೆಂಡ್ ಬಿಡಿ. ಬೇಗ ಬೇಗ ಕೊಟ್ಟರೆ ಹಿಂದಿನ ಉದ್ದೀಪನೆಯಿಂದಲೇ ಎಚ್-ಅಲೆ ಕುಗ್ಗುತ್ತದೆ.

ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿ: ಮಂಡಿ ಮಡಚಿದಂತೆ ಕ್ಯಾಥೋಡ್ ನರದಿಂದ ಸರಿಯುತ್ತದೆ, ಅದೇ ಕರೆಂಟ್ ಬೇರೆಷ್ಟೋ ನಾರುಗಳನ್ನು ಮುಟ್ಟುತ್ತದೆ. ಆಗ ಎಚ್ ಬದಲಾದರೆ ಕಾರಣ ಬೆನ್ನುಹುರಿಯೋ ಸರಿದ ಎಲೆಕ್ಟ್ರೋಡೋ ಹೇಳಲಾಗದು. ಕರೆಂಟನ್ನಲ್ಲ, ಎಂ-ಅಲೆಯನ್ನು ಸ್ಥಿರವಾಗಿಡಿ. ಪ್ರತಿ ಭಾಗದಲ್ಲೂ ಹಲವು ತೀವ್ರತೆಗಳಲ್ಲಿ ಕೊಟ್ಟು, ಎಂ-ಅಲೆಯು ಗರಿಷ್ಠದ 5ರಿಂದ 10 ಶೇಕಡದೊಳಗಿರುವ ದಾಖಲೆಗಳನ್ನಷ್ಟೇ ಇಟ್ಟುಕೊಳ್ಳಿ. ಗರಿಷ್ಠ ಎಂ-ಅಲೆಯೂ ಹೆಜ್ಜೆಯುದ್ದಕ್ಕೂ ಬದಲಾಗುವುದರಿಂದ ಅದನ್ನೂ ಆಯಾ ಭಾಗದಲ್ಲೇ ಅಳೆಯಬೇಕು. ಉದ್ದೀಪನೆಯಿಲ್ಲದ ಹೆಜ್ಜೆಗಳ ಸರಾಸರಿ ಇಎಂಜಿ ಕಳೆದ ಮೇಲೆ ಉಳಿದದ್ದು ನಿಮ್ಮ ಎಚ್.

ಪಾದ ನೆಲದಲ್ಲಿರುವಾಗ ಎಚ್ ಏರುತ್ತಾ ಹೋಗುತ್ತದೆ, ಕಾಲು ಗಾಳಿಯಲ್ಲಿರುವಾಗ ಬಹುತೇಕ ಮಾಯವಾಗುತ್ತದೆ. ಹಿನ್ನೆಲೆ ಇಎಂಜಿ ಸಮನಾಗಿದ್ದರೂ ನಿಂತಾಗಿನದಕ್ಕಿಂತ ನಡೆಯುವಾಗ ಎಚ್ ಚಿಕ್ಕದು. 1986ರಲ್ಲಿ ಸಂಶೋಧಕರಾದ ಕಪಾಡೇ ಮತ್ತು ಸ್ಟೈನ್ ತೋರಿಸಿದ್ದೂ ಇದನ್ನೇ.

ಆದರೆ ಇದರಿಂದ ನರಕೋಶವೇ ಮಂಕಾಯಿತು ಎಂದುಕೊಳ್ಳಬೇಡಿ. ಮೆದುಳಿನ ಪ್ರಭಾವ ತೆಗೆದ ಬೆಕ್ಕಿನಲ್ಲಿ ನಡಿಗೆಯ ಲಯ ಶುರುವಾದಾಗ ನರಕೋಶಗಳ ಸಿಡಿತದ ಹೊಸ್ತಿಲು (ಸಂಕೇತ ಹೊಮ್ಮಿಸಲು ಬೇಕಾದ ಮಟ್ಟ) ಕೆಳಗಿಳಿಯುತ್ತದೆ, ಪ್ರತಿ ಸಿಡಿತದ ನಂತರ ಕೋಶವನ್ನು ಕೆಲಹೊತ್ತು ತಡೆಯುವ ಹೈಪರ್‌ಪೋಲರೈಸೇಶನ್ ಕುಗ್ಗುತ್ತದೆ. ಅಂದರೆ ನರಕೋಶ ಇನ್ನೂ ಚುರುಕಾಗುತ್ತದೆ. ಮನುಷ್ಯರಲ್ಲಿ ಎಚ್ ಕುಗ್ಗಲು ಹೆಚ್ಚಿನ ಪಾಲು 1ಎ ನಾರುಗಳ ತುದಿಯಲ್ಲಿನ ಪ್ರೀಸಿನಾಪ್ಟಿಕ್ ತಡೆ (ಸಂಕೇತವನ್ನು ನರಕೋಶ ಮುಟ್ಟುವ ಮೊದಲೇ ಕುಗ್ಗಿಸುವುದು) ಕಾರಣವೆನ್ನುವುದು ಬಲವಾದ ವಿವರಣೆ. ಹಾಗಾಗಿ ಎಚ್ ಇಳಿದರೆ ದಾರಿ ಮುಚ್ಚಿದೆಯೋ ನರಕೋಶ ಮಲಗಿದೆಯೋ ಎಂದು ಬೇರ್ಪಡಿಸಲು, ಆ ತಡೆಗೆ ಒಳಗಾಗದ ಮೆದುಳಿನಿಂದಿಳಿಯುವ ನಾರುಗಳನ್ನು ಕುತ್ತಿಗೆಯ ಮೇಲ್ತುದಿಯಲ್ಲಿ ಉದ್ದೀಪಿಸಿ ಹೋಲಿಸಿ. ಇದು ನೋವಿನ ವಿಧಾನ. ನಡೆಯುವವರ ಒಪ್ಪಿಗೆ ಪಡೆದು, ಕೆಲವೇ ಭಾಗಗಳಲ್ಲಿ ಮಾಡಿ.